ಬೀಚ್ ಬಾಯ್ಸ್

ಬೀಚ್ ಬಾಯ್ಸ್ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಪಾಪ್ ಗಾಯನವೃಂದ. ಲಾಸ್ ಏಂಜಲೀಸ್ ನಗರದ ಮಗ್ಗುಲಿನ ಹಾಥಾರ್ನ್ ಪಟ್ಟಣದಲ್ಲಿ 1961ರಲ್ಲಿ ರೂಪುಗೊಂಡಿತು. ಬ್ರಯನ್ ವಿಲ್ಸನ್ (1942–2025), ಡೆನಿಸ್ ವಿಲ್ಸನ್ (1944–83), ಕಾರ್ಲ್ ವಿಲ್ಸನ್ (1946–98) ಎಂಬ ಮೂವರು ಅಣ್ಣತಮ್ಮಂದಿರು, ಅವರ ಸೋದರತ್ತೆಯ ಮಗ ಮೈಕ್ ಲವ್, ಬ್ರಯನ್‌ನ ಶಾಲಾ ಗೆಳೆಯ ಆಲ್ ಜಾರ್ಡಿನ್ ಇದರ ಮೂಲ ಸದಸ್ಯರು. ಕಡಲತೀರ, ಅಲೆಯಾಟ, ಕಾರು, ಹರೆಯದ ಒಲವು ಇವುಗಳ ಹಾಡುಗಳಿಂದ ಹೆಸರಾದ ಈ ವೃಂದ ಐದೇ ವರ್ಷಗಳಲ್ಲಿ ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ಬಹು ಸಂಕೀರ್ಣವಾದ ಕೆಲವು ಧ್ವನಿಮುದ್ರಣಗಳನ್ನು ಮಾಡುವ ಮಟ್ಟಕ್ಕೆ ಏರಿತು. ಹಾಡಿನ ವಸ್ತು ಏನೇ ಇರಲಿ, ಐದು ಕಂಠಗಳನ್ನು ಒಂದಾಗಿ ಹೆಣೆಯುವುದೇ ಕೊನೆಯವರೆಗೂ ಇವರ ಕಸುಬಾಗಿತ್ತು.

ಕರ್ನಾಟಕ ಸಂಗೀತವಾಗಲಿ ಹಿಂದುಸ್ತಾನಿ ಸಂಗೀತವಾಗಲಿ ಒಂದೇ ಸ್ವರಧಾರೆಯನ್ನು ಹಿಡಿದು ಸಾಗುವಂಥವು; ಹಲವರು ಕೂಡಿ ಹಾಡಿದರೂ ಎಲ್ಲರೂ ಹಾಡುವುದು ಅದೇ ಸ್ವರವನ್ನು. ಪಾಶ್ಚಾತ್ಯ ಹಾರ್ಮನಿಯಲ್ಲಿ ಒಬ್ಬೊಬ್ಬರು ಒಂದೊಂದು ಸ್ವರವನ್ನು ಒಂದೇ ಕ್ಷಣದಲ್ಲಿ ಹಾಡುತ್ತಾರೆ. ಆ ಸ್ವರಗಳು ಕೂಡಿದಾಗ ಕಾರ್ಡ್ ಎಂಬ ಸ್ವರಗುಚ್ಛ ಹುಟ್ಟುತ್ತದೆ. ಸ್ವರಗಳನ್ನು ಒಂದಕ್ಕೊಂದು ತೀರ ಹತ್ತಿರ ಇಟ್ಟು ಹಾಡುವ ನಿಕಟ ಹಾರ್ಮನಿ ಅಮೆರಿಕದಲ್ಲಿ ಹಳೆಯದು. 1930 ಮತ್ತು 40ರ ದಶಕಗಳಲ್ಲಿ ಮಿಲ್ಸ್ ಬ್ರದರ್ಸ್, ಆಂಡ್ರೂಸ್ ಸಿಸ್ಟರ್ಸ್ ಮೊದಲಾದ ವೃಂದಗಳು ಅದನ್ನು ಮನೆಮನೆಗೆ ಮುಟ್ಟಿಸಿದ್ದವು. 1950ರ ದಶಕದಲ್ಲಿ ಫೋರ್ ಫ್ರೆಶ್‌ಮೆನ್ ಎಂಬ ನಾಲ್ವರು ಜ್ಯಾಝ್‌ನ ಇಕ್ಕಟ್ಟಾದ ಕಾರ್ಡ್‌ಗಳನ್ನು ಇದಕ್ಕೆ ತಂದರು. ಬ್ರಯನ್ ವಿಲ್ಸನ್‌ಗೆ ಗುರುವಿನ ಸ್ಥಾನದಲ್ಲಿದ್ದವರು ಈ ಫೋರ್ ಫ್ರೆಶ್‌ಮೆನ್. ಹದಿಹರೆಯದಲ್ಲಿ ಅವನು ಅವರ ಧ್ವನಿಮುದ್ರಣದ ತಟ್ಟೆಗಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ನಿಲ್ಲಿಸುತ್ತ, ಪ್ರತಿ ಕಂಠದ ಸ್ವರವನ್ನು ಪಿಯಾನೊದ ಮೇಲೆ ಹುಡುಕಿ ಹಿಡಿದು, ತಾಯಿ ಆಡ್ರೀಗೂ ತಮ್ಮ ಕಾರ್ಲ್‌ಗೂ ಹೇಳಿಕೊಟ್ಟು ಹಾಡಿಸುತ್ತಿದ್ದ. ಅವನ ಬಲಗಿವಿ ಚಿಕ್ಕಂದಿನಿಂದ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿಯುತ್ತದೆ.

ತಂದೆ ಮರಿ ವಿಲ್ಸನ್ ಯಂತ್ರೋಪಕರಣಗಳ ವ್ಯಾಪಾರ ನಡೆಸುತ್ತಿದ್ದವನು. ಅಷ್ಟಾಗಿ ಮೇಲೆ ಬಾರದ ಗೀತರಚನಕಾರನೂ ಹೌದು. ಮಕ್ಕಳಿಗೆ ಸಂಗೀತದ ಹುಚ್ಚು ಹಿಡಿಸಿದವನೂ ಅವನೇ, ಅವರನ್ನು ಹೊಡೆದು ಬಡಿದು ಬೆಳೆಸಿದವನೂ ಅವನೇ. ಅಣ್ಣತಮ್ಮಂದಿರಲ್ಲಿ ಡೆನಿಸ್ ಒಬ್ಬನೇ ಸಮುದ್ರಕ್ಕಿಳಿದು ಹಲಗೆಯ ಮೇಲೆ ಅಲೆಯಾಟ ಆಡುತ್ತಿದ್ದವನು. ಆ ಆಟದ ಮೇಲೆ ಹಾಡು ಕಟ್ಟೋಣ ಎಂಬ ಸೂಚನೆಯೂ ಅವನದೇ. ಬ್ರಯನ್ ಮತ್ತು ಮೈಕ್ ಬರೆದ ‘ಸರ್ಫಿನ್’ 1961ರ ಕೊನೆಯಲ್ಲಿ ಕ್ಯಾಂಡಿಕ್ಸ್ ಎಂಬ ಸಣ್ಣ ಕಂಪನಿಯಿಂದ ಹೊರಬಂತು. ಹುಡುಗರು ತಮ್ಮನ್ನು ಪೆಂಡಲ್ಟೋನ್ಸ್ ಎಂದು ಕರೆದುಕೊಂಡಿದ್ದರು; ತಟ್ಟೆ ಅಚ್ಚಾಗಿ ಬಂದಾಗ ಅದರ ಮೇಲೆ ಬೀಚ್ ಬಾಯ್ಸ್ ಎಂದಿತ್ತು. ಮಾರಾಟದವರು ಇಟ್ಟ ಆ ಹೆಸರೇ ನಿಂತಿತು. ಹಾಡು ಬಿಲ್‌ಬೋರ್ಡ್ ಪತ್ರಿಕೆಯ ರಾಷ್ಟ್ರೀಯ ಪಟ್ಟಿಯಲ್ಲಿ 75ನೆಯ ಸ್ಥಾನದವರೆಗೆ ಏರಿತು.

1962ರಲ್ಲಿ ದೊಡ್ಡ ಕಂಪನಿಯಾದ ಕ್ಯಾಪಿಟಲ್ ರೆಕಾರ್ಡ್ಸ್ ಇವರನ್ನು ಸೇರಿಸಿಕೊಂಡಿತು. ಓದಿಗೆಂದು ವೃಂದ ಬಿಟ್ಟ ಜಾರ್ಡಿನ್‌ನ ಜಾಗಕ್ಕೆ ನೆರೆಮನೆಯ ಹುಡುಗ ಡೇವಿಡ್ ಮಾರ್ಕ್ಸ್ ಬಂದ; 1963ರಲ್ಲಿ ಜಾರ್ಡಿನ್ ಮರಳಿದ. ‘ಸರ್ಫಿನ್ ಸಫಾರಿ’ (1962), ‘ಸರ್ಫಿನ್ ಯು.ಎಸ್.ಎ.’ (1963) ದೇಶವೆಲ್ಲ ಹಬ್ಬಿದವು. ಎರಡನೆಯದರ ಮಟ್ಟು ಚಕ್ ಬೆರಿಯ ‘ಸ್ವೀಟ್ ಲಿಟ್ಲ್ ಸಿಕ್ಸ್‌ಟೀನ್’ ಹಾಡಿನದು; ರಚನೆಯ ಹಕ್ಕು ಮುಂದೆ ಬೆರಿಗೇ ಹೋಯಿತು. ಚಕ್ ಬೆರಿಯ ಗಿಟಾರಿನ ರಭಸದ ಮೇಲೆ ಫೋರ್ ಫ್ರೆಶ್‌ಮೆನ್ ಮಾದರಿಯ ಕಂಠಗಳನ್ನು ಕೂರಿಸಿದ್ದೇ ಈ ಮೊದಲ ಹಂತದ ಸಂಶೋಧನೆ. 

ಕಂಠಗಳ ಹಂಚಿಕೆ ಹೀಗಿತ್ತು: ಕೆಳಗೆ ಮೈಕ್ ಲವ್‌ನ ಮೂಗಿನಿಂದ ಬರುವ, ಗಡಸಾದ ಮಂದ್ರ ದನಿ, ನಡುವೆ ಕಾರ್ಲ್, ಡೆನಿಸ್, ಜಾರ್ಡಿನ್, ಎಲ್ಲಕ್ಕೂ ಮೇಲೆ ಬ್ರಯನ್‌ನ ಫಾಲ್ಸೆಟ್ಟೊ, ಅಂದರೆ ಸಹಜ ವ್ಯಾಪ್ತಿಯನ್ನು ದಾಟಿ ತೆಳ್ಳಗೆ ಏರುವ ಕಂಠ. ವೇಗದ ಹಾಡುಗಳಲ್ಲಿ ಮೈಕ್ ಮುಖ್ಯ ಗಾಯಕ, ನಿಧಾನದ ಹಾಡುಗಳಲ್ಲಿ ಬ್ರಯನ್. ಹೆಚ್ಚಿನವು ಒಂದೇ ರಕ್ತದ ಕಂಠಗಳಾದ್ದರಿಂದ ಸ್ವರಗಳ ಉಚ್ಚಾರ, ಕಂಪನ, ಉಸಿರಿನ ಜಾಗ ಎಲ್ಲವೂ ತಾವಾಗಿಯೇ ಹೊಂದಿಕೊಳ್ಳುತ್ತಿದ್ದವು. ಸ್ಟುಡಿಯೋದಲ್ಲಿ ಬ್ರಯನ್ ಪ್ರತಿ ಭಾಗವನ್ನೂ ಎರಡು ಬಾರಿ ಹಾಡಿಸಿ ಒಂದರ ಮೇಲೊಂದು ಮುದ್ರಿಸುತ್ತಿದ್ದ; ಐವರು ಹತ್ತು ಮಂದಿಯಂತೆ ಕೇಳುವುದು ಇದರಿಂದ. ‘ಸರ್ಫರ್ ಗರ್ಲ್’ (1963) ಆಲ್ಬಂನಿಂದ ನಿರ್ಮಾಪಕನ ಸ್ಥಾನದಲ್ಲೂ ಅವನ ಹೆಸರೇ ಅಚ್ಚಾಯಿತು. ಇಪ್ಪತ್ತೊಂದರ ಹರೆಯದ ಗಾಯಕನೊಬ್ಬನಿಗೆ ದೊಡ್ಡ ಕಂಪನಿ ಇಷ್ಟು ಸ್ವಾತಂತ್ರ್ಯ ಕೊಟ್ಟದ್ದು ಆ ಕಾಲಕ್ಕೆ ಅಪರೂಪ.

1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದ ಮೇಲೆ ಅಲ್ಲಿನ ಬಹಳಷ್ಟು ವೃಂದಗಳು ಮೂಲೆಗುಂಪಾದವು. ಬೀಟಲ್ಸ್ ತಟ್ಟೆಗಳನ್ನು ಅಮೆರಿಕದಲ್ಲಿ ಹೊರಡಿಸುತ್ತಿದ್ದುದೂ ಕ್ಯಾಪಿಟಲ್ ಕಂಪನಿಯೇ. ಬೀಚ್ ಬಾಯ್ಸ್ ಮಾತ್ರ ಎದುರು ನಿಂತರು. ಅದೇ ವಸಂತದಲ್ಲಿ ಬ್ರಯನ್ ತಂದೆಯನ್ನು ವ್ಯವಸ್ಥಾಪಕನ ಕೆಲಸದಿಂದ ಬಿಡಿಸಿದ. ಬೇಸಗೆಯಲ್ಲಿ ‘ಐ ಗೆಟ್ ಅರೌಂಡ್’ ಅಮೆರಿಕದ ಪಟ್ಟಿಯಲ್ಲಿ ಇವರ ಮೊದಲ ಅಗ್ರಸ್ಥಾನದ ಹಾಡಾಯಿತು. ಕಂಪನಿಯ ಒತ್ತಡ ವಿಪರೀತವಾಗಿತ್ತು: 1962ರ ಅಕ್ಟೋಬರಿನಿಂದ 1965ರ ಕೊನೆಯವರೆಗೆ ಹತ್ತಕ್ಕೂ ಹೆಚ್ಚು ಆಲ್ಬಂ. ಬರೆಯುವುದು, ವಾದ್ಯ ಹೊಂದಿಸುವುದು, ನಿರ್ಮಿಸುವುದು, ಊರೂರು ತಿರುಗಿ ಹಾಡುವುದು ಎಲ್ಲವೂ ಒಬ್ಬನ ತಲೆಯ ಮೇಲೆ ಬಿತ್ತು. 1964ರ ಡಿಸೆಂಬರ್ 23ರಂದು ಹ್ಯೂಸ್ಟನ್‌ಗೆ ಹೊರಟ ವಿಮಾನದಲ್ಲಿ ಬ್ರಯನ್ ಕುಸಿದುಹೋದ. ಅಲ್ಲಿಂದ ಮುಂದೆ ಪ್ರವಾಸ ಬಿಟ್ಟು ಸ್ಟುಡಿಯೋದಲ್ಲೇ ಉಳಿಯಲು ತೀರ್ಮಾನಿಸಿದ. ವೇದಿಕೆಯಲ್ಲಿ ಅವನ ಜಾಗವನ್ನು ಕೆಲಕಾಲ ಗಿಟಾರ್ ವಾದಕ ಗ್ಲೆನ್ ಕ್ಯಾಂಬೆಲ್ ತುಂಬಿದ. 1965ರಲ್ಲಿ ಬ್ರೂಸ್ ಜಾನ್‌ಸ್ಟನ್ ಖಾಯಂ ಸದಸ್ಯನಾಗಿ ಬಂದ.

ವೃಂದದ ಮುಂದಿನ ಏಳುಬೀಳುಗಳೆಲ್ಲ ಈ ತೀರ್ಮಾನದಿಂದ ಹೊರಟವು. ಒಂದು ಕಡೆ ಊರೂರು ತಿರುಗಿ ಹಳೆಯ ಹಾಡುಗಳಿಗೆ ಚಪ್ಪಾಳೆ ಗಿಟ್ಟಿಸುವ ಮೈಕ್ ಮತ್ತು ಉಳಿದವರು, ಇನ್ನೊಂದು ಕಡೆ ಹಾಲಿವುಡ್ಡಿನ ಸ್ಟುಡಿಯೋಗಳಲ್ಲಿ ಹೊಸ ನಾದವನ್ನು ಹುಡುಕುವ ಬ್ರಯನ್. ಫಿಲ್ ಸ್ಪೆಕ್ಟರ್ ನಿರ್ಮಿಸಿದ ‘ಬಿ ಮೈ ಬೇಬಿ’ (1963) ಅವನ ಆದರ್ಶ. ಹತ್ತಾರು ವಾದ್ಯಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಯಾವುದು ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಬೆರೆಸುವ ಕೌಶಲವನ್ನು ಅಲ್ಲಿಂದ ಕಲಿತ. ಡ್ರಮ್ಸ್‌ನ ಹಾಲ್ ಬ್ಲೇನ್, ಬೇಸ್ ಗಿಟಾರಿನ ಕ್ಯಾರಲ್ ಕೇ ಮೊದಲಾದ ಲಾಸ್ ಏಂಜಲೀಸಿನ ಕಸುಬುದಾರ ವಾದಕರು ಅವನ ಹಿಮ್ಮೇಳವಾದರು. ‘ಬೀಚ್ ಬಾಯ್ಸ್ ಟುಡೇ!’ (1965) ಆಲ್ಬಂನ ಎರಡನೆಯ ಮಗ್ಗುಲಿನ ನಿಧಾನ ಗೀತೆಗಳಲ್ಲಿ ಕಡಲತೀರದ ಗದ್ದಲ ಅಡಗಿ, ಅಳುಕು, ಒಂಟಿತನ ಕೇಳಿಸುತ್ತವೆ. ಅದೇ ವರ್ಷದ ‘ಹೆಲ್ಪ್ ಮಿ, ರೋಂಡಾ’ ಅಗ್ರಸ್ಥಾನಕ್ಕೇರಿತು. ‘ಕ್ಯಾಲಿಫೋರ್ನಿಯ ಗರ್ಲ್ಸ್’ ಹಾಡಿನ ವಾದ್ಯದ ಪ್ರವೇಶಭಾಗ ಮುಂದೆ ಬರಲಿರುವುದರ ಸೂಚನೆ ಕೊಟ್ಟಿತು.

ಬೀಟಲ್ಸ್‌ನ ‘ರಬ್ಬರ್ ಸೋಲ್’ ಆಲ್ಬಂ ಕೇಳಿದ ಬ್ರಯನ್, ತುಂಬುವುದಕ್ಕೆಂದು ಹಾಕಿದ ಹಾಡು ಒಂದೂ ಇಲ್ಲದ ಆಲ್ಬಂ ತಾನೂ ಮಾಡಬೇಕೆಂದು ಹಟ ತೊಟ್ಟ. ಅದರ ಫಲ ‘ಪೆಟ್ ಸೌಂಡ್ಸ್’ (1966, ಮೇ). ಸಾಹಿತ್ಯಕ್ಕೆ ಜಾಹೀರಾತು ಬರಹಗಾರ ಟೋನಿ ಆಶರ್ ಜೊತೆಯಾದ. ಉಳಿದವರು ಜಪಾನ್ ಪ್ರವಾಸದಲ್ಲಿದ್ದಾಗ ವಾದ್ಯಭಾಗಗಳ ಮುದ್ರಣ ನಡೆಯಿತು; ಮರಳಿ ಬಂದವರು ಈ ಅಪರಿಚಿತ ನಾದದ ಮೇಲೆ ವಾರಗಟ್ಟಲೆ ಹಾಡಬೇಕಾಯಿತು. ಫ್ರೆಂಚ್ ಹಾರ್ನ್, ಅಕಾರ್ಡಿಯನ್, ಪಿಟೀಲುಗಳ ಜೊತೆ ಸೈಕಲ್ ಗಂಟೆ, ಖಾಲಿ ನೀರಿನ ಡಬ್ಬ, ರೈಲಿನ ಸದ್ದು, ಬ್ರಯನ್‌ನ ಮನೆಯ ನಾಯಿಗಳ ಬೊಗಳು ಕೂಡ ಇದರಲ್ಲಿ ಸ್ಥಾನ ಪಡೆದಿವೆ. ಬೇಸ್ ಗಿಟಾರು ಕಾರ್ಡಿನ ಮೂಲಸ್ವರವನ್ನು ಬಿಟ್ಟು ಬೇರೆ ಸ್ವರವನ್ನು ಹಿಡಿಯುವುದರಿಂದ ಹಾಡುಗಳಿಗೆ ಕಾಲೂರಿ ನಿಲ್ಲದ, ತೇಲುವ ಗುಣ ಬಂದಿದೆ. ‘ಗಾಡ್ ಓನ್ಲಿ ನೋಸ್’ ಹಾಡನ್ನು ಬ್ರಯನ್ ತಮ್ಮ ಕಾರ್ಲ್‌ನಿಂದ ಹಾಡಿಸಿದ. ಹತ್ತೊಂಬತ್ತರ ಆ ಹುಡುಗನ ಕಂಠದ ನಿರಾಳತೆ, ಕೊನೆಯಲ್ಲಿ ಒಂದನ್ನೊಂದು ಬೆನ್ನಟ್ಟುವ ಧ್ವನಿಗಳ ಆವರ್ತ ಎರಡೂ ವೃಂದಗಾಯನದ ಚರಿತ್ರೆಯಲ್ಲಿ ಸಾಟಿಯಿಲ್ಲದವು. ಒಂದೇ ಕಿವಿ ಕೇಳುತ್ತಿದ್ದ ಬ್ರಯನ್ ಇಡೀ ಆಲ್ಬಮನ್ನು ಮೋನೊದಲ್ಲೇ, ಅಂದರೆ ಒಂದೇ ಧ್ವನಿವಾಹಿನಿಯಲ್ಲಿ, ಬೆರೆಸಿದ.

ಅಮೆರಿಕದಲ್ಲಿ ‘ಪೆಟ್ ಸೌಂಡ್ಸ್’ 10ನೆಯ ಸ್ಥಾನದಲ್ಲಿ ನಿಂತಿತು. ಹಿಂದಿನ ಆಲ್ಬಂಗಳಿಗೆ ಹೋಲಿಸಿದರೆ ಇದು ಹಿನ್ನಡೆಯೇ. ಕ್ಯಾಪಿಟಲ್ ಕಂಪನಿ ಎರಡೇ ತಿಂಗಳಲ್ಲಿ ಹಳೆಯ ಹಾಡುಗಳ ಸಂಕಲನವೊಂದನ್ನು ಮಾರುಕಟ್ಟೆಗೆ ಬಿಟ್ಟು ಹೊಸ ಆಲ್ಬಂನ ದಾರಿಗೆ ತಾನೇ ಅಡ್ಡ ನಿಂತಿತು. ಬ್ರಿಟನ್ನಿನ ಕೇಳುಗರು ಮಾತ್ರ ಅದನ್ನು 2ನೆಯ ಸ್ಥಾನಕ್ಕೆ ಏರಿಸಿದರು. ಬೀಟಲ್ಸ್‌ನ ‘ಸಾರ್ಜಂಟ್ ಪೆಪ್ಪರ್’ (1967) ಹುಟ್ಟಿಗೆ ಇದೇ ಪ್ರೇರಣೆ ಎಂದು ಆ ವೃಂದದ ಪಾಲ್ ಮೆಕಾರ್ಟ್ನಿ ಮತ್ತೆ ಮತ್ತೆ ಹೇಳಿದ್ದಾನೆ.

ಇದರ ಬೆನ್ನಿಗೇ ಬಂದದ್ದು ‘ಗುಡ್ ವೈಬ್ರೇಷನ್ಸ್’ (1966, ಅಕ್ಟೋಬರ್). ಮೂರೂವರೆ ನಿಮಿಷದ ಈ ಹಾಡಿಗೆ ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಬ್ರಯನ್ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ಮುದ್ರಿಸದೆ, ತುಂಡು ತುಂಡಾಗಿ ನಾಲ್ಕು ಬೇರೆ ಬೇರೆ ಸ್ಟುಡಿಯೋಗಳಲ್ಲಿ ಮುದ್ರಿಸಿ, ಟೇಪನ್ನು ಕತ್ತರಿಸಿ ಜೋಡಿಸಿದ. ಒಂದೊಂದು ಕೋಣೆಯ ಗುಂಗು ಒಂದೊಂದು ತುಂಡಿಗೆ ಬಣ್ಣ ಕೊಟ್ಟಿತು. ಪಾಲ್ ಟ್ಯಾನರ್ ನುಡಿಸಿದ ಎಲೆಕ್ಟ್ರೋ ತೆರೆಮಿನ್ ಎಂಬ ವಿದ್ಯುತ್ ವಾದ್ಯದ ಜಾರುವ ನಾದ, ಚೆಲ್ಲೊದ ಚುರುಕಾದ ಮಿಡಿತ, ಇದ್ದಕ್ಕಿದ್ದಂತೆ ವಾದ್ಯಗಳೆಲ್ಲ ಸುಮ್ಮನಾಗಿ ಕಂಠಗಳಷ್ಟೇ ಏಳುವ ಘಟ್ಟ ಇವೆಲ್ಲ ಪಾಪ್ ಹಾಡಿನಲ್ಲಿ ಅಪರೂಪವಾಗಿದ್ದವು. ಹಾಡು ಅಮೆರಿಕ, ಬ್ರಿಟನ್ ಎರಡೂ ಕಡೆ ಅಗ್ರಸ್ಥಾನಕ್ಕೇರಿತು. ಆ ವರ್ಷದ ಕೊನೆಯಲ್ಲಿ ಬ್ರಿಟನ್ನಿನ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯ ಓದುಗರು ಜಗತ್ತಿನ ಅತ್ಯುತ್ತಮ ಗಾಯನವೃಂದವೆಂದು ಬೀಟಲ್ಸ್ ಬದಲು ಬೀಚ್ ಬಾಯ್ಸ್‌ಗೆ ಮತ ಹಾಕಿದರು.

ಇದೇ ತುಂಡುಜೋಡಣೆಯ ಕ್ರಮದಲ್ಲಿ ಇಡೀ ಆಲ್ಬಮನ್ನೇ ಕಟ್ಟುವ ಯೋಜನೆ ‘ಸ್ಮೈಲ್’. ಸಾಹಿತ್ಯ ವಾನ್ ಡೈಕ್ ಪಾರ್ಕ್ಸ್‌ನದು. ಅಮೆರಿಕದ ಚರಿತ್ರೆ, ಬಾಲ್ಯ, ನೆಲ, ಗಾಳಿ, ಬೆಂಕಿ, ನೀರು ಎಲ್ಲವನ್ನೂ ಒಳಗೊಳ್ಳಬೇಕಿದ್ದ ಈ ಕೃತಿ 1967ರ ಮೇ ತಿಂಗಳಲ್ಲಿ ಕೈಬಿಟ್ಟುಹೋಯಿತು. ಕಾರಣ ಒಂದಲ್ಲ. ಪಾರ್ಕ್ಸ್‌ನ ಒಗಟಿನಂಥ ಸಾಹಿತ್ಯ ಮೈಕ್‌ಗೆ ಒಗ್ಗಲಿಲ್ಲ. ಸಂಭಾವನೆಯ ಬಾಕಿಗಾಗಿ ವೃಂದ ಕ್ಯಾಪಿಟಲ್ ಮೇಲೆ ಮೊಕದ್ದಮೆ ಹೂಡಿತ್ತು. ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದ ಕಾರ್ಲ್ ನ್ಯಾಯಾಲಯ ಅಲೆಯುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಮಾದಕವಸ್ತುಗಳಿಂದ ಕೆರಳಿದ ಬ್ರಯನ್‌ನ ಮನೋರೋಗ ಉಲ್ಬಣಿಸಿತ್ತು. ಬೆಂಕಿಯನ್ನು ಕುರಿತ ತುಣುಕು ಮುದ್ರಿಸಿದ ಮೇಲೆ ಊರಿನಲ್ಲಿ ಬಿದ್ದ ಬೆಂಕಿಗೆ ತಾನೇ ಕಾರಣನೆಂದು ಹೆದರುವ ಸ್ಥಿತಿಗೆ ಅವನು ಬಂದಿದ್ದ. ಮೈಕ್ ಒಬ್ಬನನ್ನೇ ಖಳನಾಯಕನನ್ನಾಗಿ ಮಾಡುವ ರೂಢಿ ಅಭಿಮಾನಿ ಬರಹಗಳಲ್ಲಿದೆ. ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಅದೇ ವರ್ಷದ ಜೂನಿನಲ್ಲಿ ಮಾಂಟೆರೆ ಪಾಪ್ ಉತ್ಸವದಿಂದ ಹಿಂದೆ ಸರಿದದ್ದು ವೃಂದದ ಕೀರ್ತಿಗೆ ಇನ್ನೊಂದು ಪೆಟ್ಟು. ಹೊಸ ತಲೆಮಾರು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನನ್ನು ಕಂಡು ಬೆರಗಾಗಿದ್ದ ಹೊತ್ತಿನಲ್ಲಿ ಬೀಚ್ ಬಾಯ್ಸ್ ಹಳೆಯ ಕಾಲದವರಾಗಿ ಕಂಡರು.

‘ಸ್ಮೈಲಿ ಸ್ಮೈಲ್’, ‘ವೈಲ್ಡ್ ಹನಿ’ (ಎರಡೂ 1967), ‘ಫ್ರೆಂಡ್ಸ್’ (1968) ಬ್ರಯನ್‌ನ ಮನೆಯ ಸ್ಟುಡಿಯೋದ ಸಣ್ಣ, ಮೆಲುದನಿಯ ಆಲ್ಬಂಗಳು. ಭಾರತದ ನಂಟು ಬರುವುದು ಇಲ್ಲಿ. 1967ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಪರಿಚಯವಾಗಿ ಮೈಕ್ ಲವ್ ಅವರ ಅತೀಂದ್ರಿಯ ಧ್ಯಾನದ ಶಿಷ್ಯನಾದ. 1968ರ ಆರಂಭದಲ್ಲಿ ಬೀಟಲ್ಸ್ ಜೊತೆಯಲ್ಲೇ ಋಷಿಕೇಶದ ಆಶ್ರಮದಲ್ಲಿದ್ದ. ಆ ಮೇ ತಿಂಗಳಲ್ಲಿ ಮಹರ್ಷಿಗಳ ಪ್ರವಚನವನ್ನೂ ತಮ್ಮ ಗಾಯನವನ್ನೂ ಒಂದೇ ವೇದಿಕೆಗೆ ತಂದು ಹೊರಟ ಅಮೆರಿಕ ಪ್ರವಾಸಕ್ಕೆ ಜನ ಸೇರದೆ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಮೈಕ್‌ನ ನಿಷ್ಠೆ ಮಾತ್ರ ಕದಲಲಿಲ್ಲ. 1978ರ ಒಂದು ಆಲ್ಬಮನ್ನು ವೃಂದ ಅಯೋವಾ ರಾಜ್ಯದ ಮಹರ್ಷಿ ವಿಶ್ವವಿದ್ಯಾಲಯದಲ್ಲಿ ಮುದ್ರಿಸಿತು. 1969ರಲ್ಲಿ ತಂದೆ ಮರಿ ವಿಲ್ಸನ್ ಹಾಡುಗಳ ಪ್ರಕಾಶನ ಹಕ್ಕನ್ನು ಸುಮಾರು 7 ಲಕ್ಷ ಡಾಲರಿಗೆ ಮಾರಿಬಿಟ್ಟ. ಬ್ರಯನ್‌ಗೆ ಆದ ಈ ಗಾಯ ಮಾಯಲಿಲ್ಲ.

1970ರಿಂದ 73ರವರೆಗಿನ ಅವಧಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ. ಬ್ರಯನ್ ಹಿಂದೆ ಸರಿದಷ್ಟೂ ಉಳಿದವರು ಬರೆಯಲು ಕಲಿತರು. ಕಾರ್ಲ್ ವೃಂದದ ಚುಕ್ಕಾಣಿ ಹಿಡಿದ. ‘ಸನ್‌ಫ್ಲವರ್’ (1970) ಎಲ್ಲರೂ ಸಮನಾಗಿ ದುಡಿದ ಆಲ್ಬಂ, ಕಂಠಗಳ ಸೊಗಸಿನಲ್ಲಿ ‘ಪೆಟ್ ಸೌಂಡ್ಸ್’ ಪಕ್ಕದಲ್ಲೇ ಇಡಬೇಕಾದದ್ದು. ಅಮೆರಿಕದ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 151ನೆಯ ಸ್ಥಾನ. ‘ಸರ್ಫ್ಸ್ ಅಪ್’ (1971) ‘ಸ್ಮೈಲ್’ ಕಾಲದ ಹಾಡೊಂದನ್ನು ಉಳಿಸಿಕೊಟ್ಟಿತು. ದಕ್ಷಿಣ ಆಫ್ರಿಕದ ಬ್ಲಾಂಡಿ ಚಾಪ್ಲಿನ್, ರಿಕಿ ಫತಾರ್ ಸೇರಿದ ಮೇಲೆ ವೇದಿಕೆಯ ಬಲವೂ ಹೆಚ್ಚಿತು. ‘ಹಾಲೆಂಡ್’ (1973) ಆಲ್ಬಂಗಾಗಿ ಸ್ಟುಡಿಯೋದ ಉಪಕರಣಗಳನ್ನೇ ನೆದರ್‌ಲ್ಯಾಂಡ್ಸ್‌ಗೆ ಸಾಗಿಸಲಾಯಿತು.

1974ರಲ್ಲಿ ಕ್ಯಾಪಿಟಲ್ ಕಂಪನಿ 1962–65ರ ಹಾಡುಗಳನ್ನು ‘ಎಂಡ್‌ಲೆಸ್ ಸಮ್ಮರ್’ ಎಂಬ ಸಂಕಲನವಾಗಿ ಹೊರತಂದಾಗ ಅದು ಅಗ್ರಸ್ಥಾನಕ್ಕೇರಿತು. ಯುದ್ಧ, ವಾಟರ್‌ಗೇಟ್ ಹಗರಣಗಳಿಂದ ದಣಿದ ದೇಶಕ್ಕೆ ಹಳೆಯ ಬೇಸಗೆಯ ನೆನಪು ಬೇಕಾಗಿತ್ತು. ವೃಂದಕ್ಕೆ ಹಣ ಬಂತು, ಕ್ರೀಡಾಂಗಣಗಳು ತುಂಬಿದವು, ಹೊಸದನ್ನು ಮಾಡುವ ಹುಮ್ಮಸ್ಸು ಅಲ್ಲಿಗೆ ತಗ್ಗಿತು. ಅಂದಿನಿಂದ ಬೀಚ್ ಬಾಯ್ಸ್ ಬಹುಮಟ್ಟಿಗೆ ತಮ್ಮದೇ ಹಳೆಯ ಹಾಡುಗಳನ್ನು ಹಾಡುತ್ತ ತಿರುಗುವ ವೃಂದ. ಬ್ರಯನ್ ಒಬ್ಬನೇ ಹೆಚ್ಚುಕಡಿಮೆ ಪೂರ್ತಿ ರಚಿಸಿದ ‘ಲವ್ ಯು’ (1977), ಡೆನಿಸ್‌ನ ಸ್ವಂತ ಆಲ್ಬಂ ‘ಪೆಸಿಫಿಕ್ ಓಷನ್ ಬ್ಲೂ’ (1977) ಇದಕ್ಕೆ ಅಪವಾದಗಳು. ಡ್ರಮ್ಸ್ ಬಾರಿಸುವ ಚೆಲುವನೆಂದಷ್ಟೇ ಎಣಿಸಲ್ಪಟ್ಟಿದ್ದ ಡೆನಿಸ್ ಎಂಥ ಗಂಭೀರ ರಚನಕಾರನೆಂದು ಈ ಆಲ್ಬಂ ತೋರಿಸಿಕೊಟ್ಟಿತು. ಕುಡಿತಕ್ಕೆ ಬಿದ್ದಿದ್ದ ಅವನು 1983ರ ಡಿಸೆಂಬರ್ 28ರಂದು ಮರೀನಾ ಡೆಲ್ ರೇ ಬಂದರಿನಲ್ಲಿ ಮುಳುಗಿ ಸತ್ತ. ಅವನ ದೇಹವನ್ನು ಸಮುದ್ರಕ್ಕೇ ಒಪ್ಪಿಸಲಾಯಿತು.

ಅದೇ 1983ರಲ್ಲಿ ಅಮೆರಿಕದ ಇಂಟೀರಿಯರ್ ಖಾತೆಯ ಕಾರ್ಯದರ್ಶಿ ಜೇಮ್ಸ್ ವ್ಯಾಟ್ ವಾಷಿಂಗ್ಟನ್ನಿನ ಸ್ವಾತಂತ್ರ್ಯ ದಿನದ ಕಾರ್ಯಕ್ರಮದಿಂದ ಬೀಚ್ ಬಾಯ್ಸ್ ಮೊದಲಾದ ರಾಕ್ ವೃಂದಗಳನ್ನು ಹೊರಗಿಟ್ಟಾಗ ಎದ್ದ ಕೂಗಿಗೆ ಅಧ್ಯಕ್ಷ ರೇಗನ್‌ರ ಪತ್ನಿಯೂ ದನಿಗೂಡಿಸಿದರು. ವೃಂದ ಎಷ್ಟರ ಮಟ್ಟಿಗೆ ರಾಷ್ಟ್ರದ ಆಸ್ತಿಯಾಗಿತ್ತೆಂಬುದಕ್ಕೆ ಇದು ಸಾಕ್ಷಿ. 1988ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂತು. ‘ಕಾಕ್‌ಟೇಲ್’ ಚಿತ್ರದ ‘ಕೊಕೊಮೊ’ ಅದೇ ವರ್ಷ ಅಗ್ರಸ್ಥಾನಕ್ಕೇರಿತು. ‘ಗುಡ್ ವೈಬ್ರೇಷನ್ಸ್’ ಆದ 22 ವರ್ಷಗಳ ಮೇಲೆ, ಬ್ರಯನ್‌ನ ಪಾಲು ಏನೂ ಇಲ್ಲದೆ. ಆ ಕಾಲಕ್ಕೆ ಬ್ರಯನ್ ಮನಶ್ಶಾಸ್ತ್ರಜ್ಞ ಯೂಜೀನ್ ಲ್ಯಾಂಡಿಯ ಸಂಪೂರ್ಣ ಹತೋಟಿಯಲ್ಲಿದ್ದ. ನ್ಯಾಯಾಲಯದ ಮೂಲಕ ಅದರಿಂದ ಬಿಡುಗಡೆಯಾದದ್ದು 1992ರ ಹೊತ್ತಿಗೆ. 1994ರಲ್ಲಿ ಮೈಕ್ ಮೊಕದ್ದಮೆ ಗೆದ್ದು 35 ಹಾಡುಗಳ ಸಹರಚನಕಾರನೆಂದು ಮಾನ್ಯತೆ ಪಡೆದ. ಮರಿ ವಿಲ್ಸನ್ ಕಾಲದಲ್ಲಿ ಮೈಕ್ ಹೆಸರು ಬಿಟ್ಟುಹೋಗಿದ್ದದ್ದು ನಿಜ.

ಕಾರ್ಲ್ 1998ರ ಫೆಬ್ರವರಿ 6ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಎರಡು ಬಣಗಳ ನಡುವೆ ಸೇತುವೆಯಾಗಿದ್ದವನು ಅವನೊಬ್ಬನೇ. ಆಮೇಲೆ ಮೈಕ್ ಮತ್ತು ಬ್ರೂಸ್ ವೃಂದದ ಹೆಸರಿನಲ್ಲಿ ಪ್ರವಾಸ ಮುಂದುವರಿಸಿದರು. ಬ್ರಯನ್ ಮತ್ತು ಜಾರ್ಡಿನ್ ಬೇರೆ ದಾರಿ ಹಿಡಿದರು. ಬ್ರಯನ್ 2004ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಹೊಸ ವಾದಕರೊಂದಿಗೆ ‘ಸ್ಮೈಲ್’ ಕೃತಿಯನ್ನು ಪೂರ್ಣವಾಗಿ ಹಾಡಿ ಮುಗಿಸಿದ. ಮೂಲ ಟೇಪುಗಳು ‘ದ ಸ್ಮೈಲ್ ಸೆಷನ್ಸ್’ ಎಂದು 2011ರಲ್ಲಿ ಬಂದವು. 2012ರಲ್ಲಿ ಐವತ್ತನೆಯ ವರ್ಷದ ನೆಪದಲ್ಲಿ ಉಳಿದವರೆಲ್ಲ ಕೂಡಿ ಒಂದು ಆಲ್ಬಂ, ಒಂದು ಪ್ರವಾಸ ಮಾಡಿದರು. ಬ್ರಯನ್ ವಿಲ್ಸನ್ 2025ರ ಜೂನ್ 11ರಂದು ನಿಧನನಾದ.

ವೃಂದದ ಪ್ರಭಾವ ಎರಡು ದಿಕ್ಕಿನಲ್ಲಿ ಹರಿಯಿತು. ಸ್ಟುಡಿಯೋವನ್ನೇ ವಾದ್ಯವಾಗಿ ಬಳಸುವ ಕ್ರಮ ಬೀಟಲ್ಸ್ ಮೊದಲುಗೊಂಡು ಇಂದಿನ ಮನೆ ಸ್ಟುಡಿಯೋಗಳವರೆಗೆ ಹಬ್ಬಿದೆ. ಕಂಠಗಳನ್ನು ಪದರ ಪದರವಾಗಿ ಪೇರಿಸುವ ಕ್ರಮ ಫ್ಲೀಟ್ ಫಾಕ್ಸಸ್‌ನಂಥ ಈ ಶತಮಾನದ ವೃಂದಗಳಲ್ಲೂ ಕೇಳಿಬರುತ್ತದೆ. ಎಲ್ಟನ್ ಜಾನ್‌ನ ‘ಡೋಂಟ್ ಲೆಟ್ ದ ಸನ್ ಗೋ ಡೌನ್ ಆನ್ ಮಿ’ (1974) ಹಾಡಿನ ಹಿಮ್ಮೇಳದಲ್ಲಿ ಕಾರ್ಲ್ ಮತ್ತು ಬ್ರೂಸ್ ಅವರದೇ ದನಿಗಳಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ಪೆಟ್ ಸೌಂಡ್ಸ್’ ಆಲ್ಬಮನ್ನು 2004ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ಆ ಆಲ್ಬಂನ ಮುದ್ರಣ ಟೇಪುಗಳ ಸಂಪುಟ ‘ದ ಪೆಟ್ ಸೌಂಡ್ಸ್ ಸೆಷನ್ಸ್’ 1997ರಲ್ಲಿ ಪ್ರಕಟವಾಗಿದೆ. ಅದರಲ್ಲಿ ವಾದ್ಯಗಳನ್ನೆಲ್ಲ ತೆಗೆದು ಕಂಠಗಳನ್ನಷ್ಟೇ ಉಳಿಸಿದ ಭಾಗವೊಂದಿದೆ. ಬೀಚ್ ಬಾಯ್ಸ್ ಕೂಡಿ ಹಾಡುತ್ತಿದ್ದ ರೀತಿಯನ್ನು ಅರಿಯಬೇಕೆನ್ನುವವರು ಮೊದಲು ಕೇಳಬೇಕಾದದ್ದು ಆ ಭಾಗ.